ನೋವು ಬರಿಸುವ ಹೆರಿಗೆ: ಅಡ್ಮಿಟ್ ಆಗುವ ಮೊದಲು ಕೇಳಬೇಕಾದ್ದು

ಕೊಟ್ಟ ಡೇಟ್ ದಾಟಿ ವಾರವಾಯಿತು, 41 ವಾರ ತುಂಬಿತು, ನೋವು ಮಾತ್ರ ಇಲ್ಲ. ಆಗ ಡಾಕ್ಟರು ‘ಅಡ್ಮಿಟ್ ಆಗಿ, ನೋವು ಬರಿಸೋಣ’ ಅನ್ನುತ್ತಾರೆ. ಬಿಪಿ ಏರಿದ್ದರೆ, ಶುಗರ್ ಇದ್ದರೆ, ನೀರು ಒಡೆದೂ ನೋವು ಶುರುವಾಗದಿದ್ದರೆ ಇನ್ನೂ ಬೇಗ ಹೇಳಬಹುದು. ಮನೆಯವರು ಕೇಳುವ ಮೊದಲ ಪ್ರಶ್ನೆ ‘ನಾರ್ಮಲ್ ಆಗ್ತದಾ?’ ಇದಕ್ಕೆ ಯಾವ ಡಾಕ್ಟರೂ ಖಚಿತ ಉತ್ತರ ಕೊಡಲಾರರು. ಖಚಿತ ಉತ್ತರ ಸಿಗುವ ಪ್ರಶ್ನೆ ಬೇರೆ ಇದೆ: ನಡುರಾತ್ರಿ ಸಿಸೇರಿಯನ್ ಬೇಕಾದರೆ ಇಲ್ಲೇ ಮಾಡುತ್ತೀರಾ? ಅರಿವಳಿಕೆ ಡಾಕ್ಟರು ಸಿಗುತ್ತಾರಾ? ರಕ್ತ ಬೇಕಾದರೆ ಎಲ್ಲಿಂದ ತರಬೇಕು?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ಕೇಳದೆ ಅಡ್ಮಿಟ್ ಆಗಲೇಬಾರದು. ನೋವಿನ ಡ್ರಿಪ್ ಏರಿ, ಗರ್ಭಕೋಶದ ಬಾಯಿ ಅರ್ಧ ತೆರೆದ ಹೆಂಗಸನ್ನು ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಸುವುದಾಗಲಿ, ಜೋಯಿಡಾ ಕಡೆಯಿಂದ ಅಣಶಿ ಘಟ್ಟದಲ್ಲಿ ಕಾರವಾರಕ್ಕೆ ಒಯ್ಯುವುದಾಗಲಿ ಯಾರಿಗೂ ಬೇಡ. ನೋವು ಬರಿಸುವುದು ಮೊದಲೇ ದಿನ ಗೊತ್ತುಮಾಡಿ ಮಾಡುವ ಕೆಲಸ. ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಯನ್ನು ಆರಿಸಿಕೊಳ್ಳಲು ಸಮಯವಿರುತ್ತದೆ. ಒಳಹಳ್ಳಿಯವರು ಹಿಂದಿನ ದಿನವೇ ಶಿರಸಿಯಲ್ಲೋ ಕಾರವಾರದಲ್ಲೋ ನೆಂಟರ ಮನೆಗೆ ಬಂದು ಉಳಿದರೆ ಒಳ್ಳೆಯದು. ಸರ್ಕಾರಿ ಆಸ್ಪತ್ರೆಯಾದರೆ ತಾಯಿ ಕಾರ್ಡ್ ಮರೆಯಬೇಡಿ. ಅಲ್ಲಿ ಸಿಸೇರಿಯನ್, ಔಷಧ, ರಕ್ತ ಎಲ್ಲವೂ ಉಚಿತ.

ಮೊದಲು ಒಳಪರೀಕ್ಷೆ ಮಾಡುತ್ತಾರೆ. ಗರ್ಭಕೋಶದ ಬಾಯಿ ಎಷ್ಟು ಮೆತ್ತಗಾಗಿದೆ, ಎಷ್ಟು ತೆರೆದಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂದು ನೋಡಿ ಅಂಕ ಹಾಕುತ್ತಾರೆ. ಇದೇ ಬಿಷಪ್ ಸ್ಕೋರ್. 6 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮೊದಲು ಬಾಯಿ ಹದ ಮಾಡಬೇಕು. ಅದಕ್ಕೆ 0.5 ಮಿಲಿಗ್ರಾಂ ಡೈನೋಪ್ರೊಸ್ಟೋನ್ ಜೆಲ್ ಒಳಗಿಡುತ್ತಾರೆ, ಬೇಕಾದರೆ 6 ಗಂಟೆ ಬಿಟ್ಟು ಇನ್ನೊಂದು. ಇಲ್ಲವೇ 25 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ 2 ಗಂಟೆಗೊಮ್ಮೆ ನುಂಗಿಸುತ್ತಾರೆ. ಅಥವಾ ಮೂತ್ರಕ್ಕೆ ಹಾಕುವಂಥದೇ ಫೋಲಿ ನಳಿಗೆಯನ್ನು ಗರ್ಭಕೋಶದ ಬಾಯಿಯೊಳಗೆ ಹಾಕಿ, ಅದರ ಬಲೂನಿಗೆ 30ರಿಂದ 60 ಮಿಲಿ ಸಲೈನ್ ತುಂಬುತ್ತಾರೆ. ಬಾಯಿ ಸುಮಾರು 3 ಸೆಂಟಿಮೀಟರ್ ತೆರೆದಾಗ ಅದು ತಾನಾಗಿ ಜಾರಿ ಬೀಳುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದರೆ ಅದನ್ನು ಮೊದಲೇ ಹೇಳಿ. ಹಳೆಯ ಹೊಲಿಗೆ ಒಡೆಯುವ ಅಪಾಯವಿರುವುದರಿಂದ ಅಂಥವರಿಗೆ ಮಿಸೊಪ್ರೊಸ್ಟಾಲ್ ಕೊಡುವಂತಿಲ್ಲ.

ಆಮೇಲೆ ನೀರಿನ ಚೀಲ ಒಡೆದು, ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ಹಾಕುತ್ತಾರೆ. ಅದನ್ನು ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ ಏರಿಸಬೇಕು. ಹತ್ತು ನಿಮಿಷಕ್ಕೆ ಮೂರು ನಾಲ್ಕು ನೋವು ಬಂದರೆ ಸಾಕು. ಐದಕ್ಕಿಂತ ಹೆಚ್ಚಾದರೆ ಗರ್ಭಕೋಶಕ್ಕೆ ಬಿಡುವೇ ಸಿಗದೆ ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ಮಗುವಿನ ಎದೆಬಡಿತ ಇಳಿದರೆ ಡ್ರಿಪ್ ನಿಲ್ಲಿಸಿ ತಾಯಿಯನ್ನು ಎಡಮಗ್ಗುಲಿಗೆ ತಿರುಗಿಸುತ್ತಾರೆ. ‘ಸಿಸ್ಟರ್, ಸ್ವಲ್ಪ ಜೋರು ಬಿಡಿ, ಬೇಗ ಮುಗೀಲಿ’ ಎಂದು ಜೊತೆಗಿದ್ದವರು ಒತ್ತಾಯಿಸುವುದು ಉಂಟು. ದಯವಿಟ್ಟು ಹಾಗೆ ಮಾಡಬೇಡಿ.

ಚೊಚ್ಚಲ ಹೆರಿಗೆಯಲ್ಲಿ ಇದಕ್ಕೆಲ್ಲ ಒಂದು ದಿನಕ್ಕಿಂತ ಹೆಚ್ಚು ಹಿಡಿಯುವುದು ಮಾಮೂಲು. ಜೆಲ್ ಇಟ್ಟ ರಾತ್ರಿ ಏನೂ ಆಗಲಿಲ್ಲವೆಂದು ಊರಿಗೆಲ್ಲ ಫೋನ್ ಮಾಡುವ ಬದಲು ಬಸುರಿಗೆ ನಿದ್ದೆ ಮಾಡಲು ಬಿಡಿ. ಡಾಕ್ಟರು ಬೇಡ ಅನ್ನುವವರೆಗೆ ಗಂಜಿ, ಎಳನೀರು ಕೊಡಿ. ನೋವು ಏರಿದ ಮೇಲೆ ಅಂಗಾತ ಮಲಗುವುದಕ್ಕಿಂತ ನಡೆಯುವುದು, ಕುಳಿತು ಮುಂದಕ್ಕೆ ಬಾಗುವುದು, ಮಗ್ಗುಲಿಗೆ ಮಲಗುವುದು ಹಿತ. ನೋವು ಬಂದಾಗಲೆಲ್ಲ ಅಂಗೈಯಿಂದ ಸೊಂಟದ ಕೆಳಭಾಗವನ್ನು ಗಟ್ಟಿಯಾಗಿ ಒತ್ತಿಹಿಡಿಯಲು ಒಬ್ಬರಿರಲಿ. ಡ್ರಿಪ್ಪಿನ ನೋವು ಒಮ್ಮೆಲೇ ಬಿರುಸಾಗಿ ಬರಬಹುದು, ನೋವು ಕಡಿಮೆ ಮಾಡಲು ಏನು ಕೊಡುತ್ತೀರಿ ಎಂದು ಮೊದಲೇ ಕೇಳಿಡಿ.

ತಾಯಿ, ಮಗು ಚೆನ್ನಾಗಿದ್ದರೆ ನೀರು ಒಡೆದು ಡ್ರಿಪ್ ಹಾಕಿದ ಮೇಲೂ ಕನಿಷ್ಠ 12ರಿಂದ 18 ಗಂಟೆ ಕಾಯಲು ಅವಕಾಶವಿದೆ. ಮಗುವಿನ ಬಡಿತ ಇಳಿದು ಸುಧಾರಿಸದಿದ್ದರೆ ಮಾತ್ರ ಕಾಯುವ ಮಾತಿಲ್ಲ. ಆಗ ಸಹಿಗಾಗಿ ಚರ್ಚೆ ಶುರುವಾಗಬಾರದು. ಸಿಸೇರಿಯನ್ನಿಗೆ ಒಪ್ಪಿಗೆಯ ಮಾತು ಅಡ್ಮಿಟ್ ಆಗುವ ದಿನವೇ ಮನೆಯಲ್ಲಿ ಮುಗಿದಿರಲಿ. ಬೆನ್ನಿಗೆ ಅರಿವಳಿಕೆ ಇಂಜೆಕ್ಷನ್ ಕೊಟ್ಟ ಮೇಲೆ ಎಚ್ಚರವಿರುತ್ತದೆ, ಎಳೆದಂತೆ ಅನಿಸುತ್ತದೆ, ಚುಚ್ಚುವ ನೋವಿರುವುದಿಲ್ಲ. ಮೈ ನಡುಗಿದರೆ ಹೆದರಬೇಡಿ. ಮಗು ಹೊರಬರಲು ಸಾಮಾನ್ಯವಾಗಿ ಐದು ಹತ್ತು ನಿಮಿಷ, ಹೊಲಿಯಲು ಅದಕ್ಕಿಂತ ತುಂಬಾ ಹೆಚ್ಚು. ಆ ಇಂಜೆಕ್ಷನ್ನಿಂದ ಜೀವಮಾನವಿಡೀ ಬೆನ್ನುನೋವು ಎಂಬುದು ಸುಳ್ಳು. ಎದ್ದು ಕುಳಿತಾಗ ತಲೆ ಸಿಡಿದು, ಮಲಗಿದರೆ ಇಳಿಯುತ್ತಿದ್ದರೆ ಮಾತ್ರ ತಿಳಿಸಿ, ಅದಕ್ಕೆ ಚಿಕಿತ್ಸೆ ಇದೆ.

ಮರುದಿನದೊಳಗೆ ಎದ್ದು ನಡೆಯಲೇಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು. ಬಾಣಂತನದಲ್ಲಿ ನೀರು ಕುಡಿಯಲು ಕೊಡದಿರುವ ಪದ್ಧತಿಯನ್ನು ಇಲ್ಲಿಗೇ ಬಿಡಿ. ಸುಡುನೀರನ್ನು ಹೊಲಿಗೆಯ ಮೇಲೆ ಹೊಯ್ಯಬೇಡಿ, ಗಾಯಕ್ಕೆ ಎಣ್ಣೆ ಬೇಡ. ಜ್ವರ, ಗಾಯದಿಂದ ಕೀವು, ಒಂದೇ ಕಾಲಿನ ಮೀನಖಂಡದಲ್ಲಿ ಬಾವು, ಗಂಟೆಗೊಂದು ಪ್ಯಾಡ್ ತೋಯುವಷ್ಟು ರಕ್ತ ಇದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಡಿಸ್ಚಾರ್ಜ್ ಚೀಟಿಯಲ್ಲಿ ಸಿಸೇರಿಯನ್ ಯಾಕಾಯಿತು, ಗರ್ಭಕೋಶವನ್ನು ಯಾವ ದಿಕ್ಕಿಗೆ ಕೊಯ್ದರು ಎಂದು ಬರೆಸಿಕೊಂಡು ಜೋಪಾನ ಮಾಡಿ. ಮುಂದಿನ ಸಲ ನಾರ್ಮಲ್ ಹೆರಿಗೆಗೆ ಪ್ರಯತ್ನಿಸಬಹುದೇ ಎಂದು ಡಾಕ್ಟರು ನಿರ್ಧರಿಸುವಾಗ ಅದನ್ನು ಕೇಳುತ್ತಾರೆ.