ಚಿತ್ರ ಕಳುಹಿಸಿ, ಕೆಳಗೆ ಒಂದು ಸಾಲು ಬರೆಯಿರಿ

ಮುಂಬಯಿ, ಠಾಣೆ, ಡೊಂಬಿವಲಿಯ ಫ್ಲಾಟ್‌ಗಳಿಗೆ ಒಳಾಂಗಣ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ನನ್ನ ಬಳಿ ಬರುವವರಲ್ಲಿ ಕನ್ನಡಿಗರೇ ಹೆಚ್ಚು. ಕರಾವಳಿಯವರು, ಧಾರವಾಡ, ಬೆಳಗಾವಿ ಕಡೆಯವರು, ಮಾಟುಂಗಾದಲ್ಲೇ ಹುಟ್ಟಿ ಬೆಳೆದು ಊರನ್ನು ಬೇಸಿಗೆ ರಜೆಯಲ್ಲಷ್ಟೇ ಕಂಡವರು. ಮೊದಲ ಭೇಟಿಗೆ ಎಲ್ಲರೂ ಮೊಬೈಲ್ ತುಂಬ ಚಿತ್ರ ತರುತ್ತಾರೆ: ಪಿಂಟರೆಸ್ಟ್‌ನಿಂದ ಉಳಿಸಿಕೊಂಡದ್ದು, ಇನ್‌ಸ್ಟಾಗ್ರಾಂನ ಸ್ಕ್ರೀನ್‌ಶಾಟ್, ಯಾರದೋ ಗೃಹಪ್ರವೇಶದಲ್ಲಿ ತೆಗೆದದ್ದು. ತರಲೇಬೇಕು. ‘ಸರಳವಾಗಿರಲಿ, ಆದರೆ ಚೆನ್ನಾಗಿರಲಿ’ ಎಂಬ ಮಾತನ್ನು ಹಿಡಿದು ನಾನು ಒಂದು ಗೆರೆಯನ್ನೂ ಎಳೆಯಲಾರೆ. ಚಿತ್ರವಿದ್ದರೆ ಮಾತು ಶುರುವಾಗುತ್ತದೆ. ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಗಟ್ಟಿಯಾಗಿ ನಂಬಿರುವುದು ಇಷ್ಟು: ಚಿತ್ರದ ಕೆಳಗೆ ‘ಇದರಲ್ಲಿ ನನಗೆ ಹಿಡಿಸಿದ್ದು ಇದು’ ಎಂಬ ಒಂದು ಸಾಲು ಇಲ್ಲದಿದ್ದರೆ, ಇನ್ನೂರು ಚಿತ್ರ ಕಳುಹಿಸಿದರೂ ವಿನ್ಯಾಸಗಾರರಿಗೆ ನಿಮ್ಮ ಮನಸ್ಸು ತಿಳಿಯುವುದಿಲ್ಲ.

ಠಾಣೆಯ ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಯಜಮಾನರ ಮೂಲ ಕುಂದಾಪುರದ ಕಡೆ. ಕಳುಹಿಸಿದ ಚಿತ್ರಗಳೆಲ್ಲ ತಿಳಿ ಬಣ್ಣದ ಗೋಡೆ, ಬೂದು ಸೋಫಾ, ಮರೆಯಲ್ಲಿ ಉರಿಯುವ ದೀಪ. ನಡುವೆ ಒಂದೇ ಒಂದು ಮಸುಕಾದ ಹಳೆಯ ಫೋಟೋ: ಅಜ್ಜನ ಮನೆಯ ಜಗಲಿ, ರೆಡ್ ಆಕ್ಸೈಡಿನ ಕೆಂಪು ನೆಲ. “ಇದೇ ನೆಲ ಬೇಕೇ?” ಎಂದು ಕೇಳಿದೆ. “ಬೇಕು, ಆದರೆ ಫ್ಲಾಟಿನಲ್ಲಿ ಆಗುತ್ತದೆಯೋ ಇಲ್ಲವೋ” ಎಂದರು. ಆ ನೆಲದಲ್ಲಿ ನಿಮಗೇನು ಇಷ್ಟ ಎಂದು ಕೇಳಿದಾಗ ಅವರ ಮುಖವೇ ಬದಲಾಯಿತು. “ಮಧ್ಯಾಹ್ನ ಊಟವಾದ ಮೇಲೆ ಚಾಪೆಯೂ ಇಲ್ಲದೆ ಅಲ್ಲಿ ಮಲಗುತ್ತಿದ್ದೆವು. ತಣ್ಣಗಿರುತ್ತಿತ್ತು, ಗಾಳಿ ಬರುತ್ತಿತ್ತು” ಎಂದರು.

ರೆಡ್ ಆಕ್ಸೈಡ್ ನೆಲಕ್ಕೆ ಕೆಳಗೆ ಗಾರೆಯ ಹಾಸು ಬೇಕು, ದಿನಗಟ್ಟಲೆ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡಬೇಕು, ಕೈಪಳಗಿದ ಮೇಸ್ತ್ರಿ ಬೇಕು. ಬಿಲ್ಡರ್ ಹಾಕಿಕೊಟ್ಟ ವಿಟ್ರಿಫೈಡ್ ಟೈಲ್ಸ್ ಒಡೆದು, ಕೆಳಗಿನ ಮನೆಯ ಚಾವಣಿಗೆ ನೀರಿಳಿಯುವ ಭಯದಲ್ಲಿ ಇಡೀ ಮನೆಗೆ ಅದನ್ನು ಮಾಡಿಸುವುದು ಜಾಣತನವಲ್ಲ. ಆದರೆ ಅವರಿಗೆ ಬೇಕಾದದ್ದು ಮೈಚಾಚಿ ಮಲಗಲು ತಣ್ಣಗಿನ ಒಂದು ಜಾಗ. ಹಾಲ್‌ನ ಕಿಟಕಿಯ ಉದ್ದಕ್ಕೂ ಹಗುರ ಬ್ಲಾಕ್‌ಗಳಿಂದ 16 ಇಂಚು ಎತ್ತರದ ಜಗಲಿ ಕಟ್ಟಿಸಿ, ಅದರ ಮೇಲ್ಮೈಗೆ ಮಾತ್ರ ರೆಡ್ ಆಕ್ಸೈಡ್ ಮಾಡಿಸಿದೆವು. ಉದ್ದ ಆರೂವರೆ ಅಡಿ, ಅವರು ಮಲಗುವಷ್ಟು. ಬೂದು ಸೋಫಾ ಬರಲೇ ಇಲ್ಲ, ಅದರ ಅಗತ್ಯ ಯಾರಿಗೂ ಕಾಣಲಿಲ್ಲ.

ಇದಕ್ಕೇ ನಾನು ಪ್ರತಿ ಚಿತ್ರದ ಕೆಳಗೆ ಒಂದು ಸಾಲು ಬರೆಯಿರಿ ಎಂದು ಪಟ್ಟು ಹಿಡಿಯುತ್ತೇನೆ. ‘ಸುಂದರವಾಗಿದೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಕಿಟಕಿಯ ಪಕ್ಕ ಕೂತು ಓದಬಹುದು’, ‘ಪಾತ್ರೆಗಳು ಕಣ್ಣಿಗೆ ಬೀಳುವುದಿಲ್ಲ’, ‘ಬಾಗಿಲಿನ ಹಿಡಿಕೆ ಮಾತ್ರ, ಉಳಿದದ್ದು ಬೇಡ’ ಎನ್ನುವಂಥ ಸಾಲು ಬೇಕು. ಹಿಡಿಸದ ಚಿತ್ರಗಳೂ ನಾಲ್ಕಾರು ಇರಲಿ. ಏನು ಬೇಡ ಎಂಬುದರ ಬಗ್ಗೆ ಜನರಿಗೆ ಅನುಮಾನವೇ ಇರುವುದಿಲ್ಲ, ಹಾಗಾಗಿ ಅಲ್ಲಿ ಸಿಗುವ ಉತ್ತರ ನಿಚ್ಚಳವಾಗಿರುತ್ತದೆ.

ಚಿತ್ರದಲ್ಲಿ ಅಳತೆಯನ್ನು ಓದಲು ಕಲಿಯುವುದು ಇನ್ನೊಂದು ವಿದ್ಯೆ. ಅದು ಕಷ್ಟವೇನಲ್ಲ. ಮನೆಗಳ ಫೋಟೋಗಳನ್ನು ಹೆಚ್ಚಾಗಿ ವೈಡ್ ಆ್ಯಂಗಲ್ ಲೆನ್ಸಿನಲ್ಲಿ ತೆಗೆಯುತ್ತಾರೆ, ಹತ್ತು ಅಡಿಯ ಕೋಣೆ ಹದಿನೈದು ಅಡಿಯಂತೆ ಕಾಣುತ್ತದೆ. ಅದಕ್ಕೆ ಮೊದಲು ಗೊತ್ತಿರುವ ಅಳತೆಯ ವಸ್ತುವನ್ನು ಹುಡುಕಬೇಕು. ಊಟದ ಕುರ್ಚಿಯ ಆಸನ ನೆಲದಿಂದ ಸುಮಾರು 18 ಇಂಚು. ಅಡುಗೆ ಕಟ್ಟೆಯ ಆಳ 2 ಅಡಿ. ಬಾಗಿಲು ಸುಮಾರು 7 ಅಡಿ ಎತ್ತರ. ಈಗ ಎಲ್ಲರೂ ಕೇಳುವ ಐಲ್ಯಾಂಡ್ ಅಡುಗೆಮನೆಯನ್ನೇ, ಅಂದರೆ ನಡುವೆ ಬಿಡಿಯಾಗಿ ನಿಂತ ಇನ್ನೊಂದು ಕಟ್ಟೆಯಿರುವ ಅಡುಗೆಮನೆಯನ್ನೇ ತೆಗೆದುಕೊಳ್ಳಿ. ಗೋಡೆಗಂಟಿದ ಕಟ್ಟೆಗೆ 2 ಅಡಿ, ನಡೆಯಲು 3 ಅಡಿ, ನಡುವಿನ ಐಲ್ಯಾಂಡಿಗೆ ಕನಿಷ್ಠ 2 ಅಡಿ, ಅದರಾಚೆ ಓಡಾಡಲು ಮತ್ತೆ 3 ಅಡಿ. ಕೂಡಿದರೆ 10 ಅಡಿ ಅಗಲ. ನಾನು ಕೆಲಸ ಮಾಡುವ ಎರಡು ಕೋಣೆಯ ಫ್ಲಾಟ್‌ಗಳಲ್ಲಿ ಅಡುಗೆಮನೆ ಏಳೋ ಎಂಟೋ ಅಡಿ ಅಗಲವಿರುತ್ತದೆ. ಈ ಲೆಕ್ಕವನ್ನು ಗಿರಾಕಿಗಳ ಎದುರಿಗೇ ಕಾಗದದ ಮೇಲೆ ಬರೆದರೆ ವಾದಕ್ಕೆ ಆಸ್ಪದವೇ ಇರುವುದಿಲ್ಲ, ಅವರೇ ಮುಂದಿನ ಚಿತ್ರಕ್ಕೆ ಹೋಗುತ್ತಾರೆ.

ಚಾವಣಿಯನ್ನೂ ಹಾಗೆಯೇ ನೋಡಬೇಕು. ಹೊರದೇಶದ ಚಿತ್ರಗಳಲ್ಲಿ ಫ್ಯಾನ್ ಇರುವುದೇ ಅಪರೂಪ. ಮುಂಬಯಿಯ ಮೇ ತಿಂಗಳಲ್ಲಿ ಫ್ಯಾನಿಲ್ಲದೆ ಬದುಕಿದವರನ್ನು ನಾನು ಕಂಡಿಲ್ಲ. ಇನ್ನು ಗೋಡೆಯನ್ನು ಕೊರೆದು ಮಾಡಿದ ಗೂಡುಗಳ ಚಿತ್ರ ತುಂಬ ಬರುತ್ತವೆ. ಈಚಿನ ಬಹುಮಹಡಿ ಕಟ್ಟಡಗಳಲ್ಲಿ ಅನೇಕವನ್ನು ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು ಕಟ್ಟುತ್ತಾರೆ, ಮೈವಾನ್ ಎನ್ನುತ್ತಾರಲ್ಲ, ಅದು. ಅಲ್ಲಿ ಗೋಡೆಯೇ ಕಟ್ಟಡದ ಭಾರ ಹೊರುತ್ತದೆ, ಕೊರೆಯುವ ಮಾತೇ ಇಲ್ಲ. ಗೂಡು ಬೇಕೆಂದರೆ ಗೋಡೆಯ ಮುಂದೆ ಪ್ಲೈವುಡ್ಡಿನಲ್ಲಿ ಕಟ್ಟಬೇಕು, ಅಷ್ಟು ಜಾಗ ಕೋಣೆಯಿಂದ ಹೋಗುತ್ತದೆ.

ಎಲ್ಲಿಂದ ಚಿತ್ರ ಕೂಡಿಸುತ್ತೀರಿ ಎಂಬುದರ ಬಗ್ಗೆಯೂ ನನಗೆ ಕಾಳಜಿಯಿದೆ. ಆ್ಯಪ್‌ನಲ್ಲಿ ನೀವು ನಾಲ್ಕು ಕೆನೆಬಣ್ಣದ ಕೋಣೆಗಳನ್ನು ಮೆಚ್ಚಿದರೆ ಮುಂದೆ ಅದು ಕೆನೆಬಣ್ಣವನ್ನೇ ಉಣಬಡಿಸುತ್ತದೆ. ವಾರ ಕಳೆಯುವಷ್ಟರಲ್ಲಿ ನಿಮ್ಮ ಅಭಿರುಚಿಯೇ ಅದು ಎಂದು ನೀವೇ ನಂಬಿಬಿಡುತ್ತೀರಿ. ಹೊರಗೆ ಹೋಗಿ ಕಣ್ಣಾರೆ ನೋಡಿ. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಆರ್ಟ್ ಡೆಕೊ ಎಂಬ ಹಳೆಯ ಶೈಲಿಯ ಕಟ್ಟಡಗಳು ಮರೀನ್ ಡ್ರೈವ್‌ನಲ್ಲಿ, ಓವಲ್ ಮೈದಾನದ ಪಶ್ಚಿಮಕ್ಕೆ ಸಾಲಾಗಿ ನಿಂತಿವೆ. ಅವುಗಳ ದುಂಡು ಬಾಲ್ಕನಿ, ಕಬ್ಬಿಣದ ಗ್ರಿಲ್‌ಗಳಲ್ಲಿರುವಷ್ಟು ಕಲ್ಪನೆ ನನಗೆ ಯಾವ ಆ್ಯಪ್‌ನಲ್ಲೂ ಸಿಕ್ಕಿಲ್ಲ. ಮಂಗಲದಾಸ್ ಮಾರುಕಟ್ಟೆಯಲ್ಲಿ ಬಟ್ಟೆಯನ್ನು ಮುಟ್ಟಿ ನೋಡಿ, ಲೋಹಾರ್ ಚಾಳ್‌ನಲ್ಲಿ ದೀಪ ಉರಿಸಿ ನೋಡಿ. ಬೆಳಕಿನ ವಿಷಯವನ್ನಂತೂ ಫೋಟೋ ನಂಬಿ ತೀರ್ಮಾನಿಸಬೇಡಿ. ಚಿತ್ರದ ಗೋಡೆ ಹೊಂಬಣ್ಣವಾಗಿ ಕಾಣುವುದು ಹಲವು ಸಲ 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹಳದಿ ದೀಪದಿಂದ. ನಿಮ್ಮ ಮನೆಯ 6500 ಕೆಲ್ವಿನ್ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಅದೇ ಪೇಂಟ್ ಬೂದಿ ಬಳಿದಂತಿರುತ್ತದೆ. ಗೋಡೆಯ ಮೇಲೆ ಎರಡು ಅಡಿ ಚೌಕದಷ್ಟು ಬಳಿಸಿ, ಬೆಳಿಗ್ಗೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ನೋಡಿ.

ಈಗೀಗ ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಕೋಣೆಗಳೂ ಬರುತ್ತಿವೆ. ಆಧಾರವಿಲ್ಲದೆ ನಿಂತ ಕಪಾಟು, ಎರಡು ದಿಕ್ಕಿಗೆ ಬಿದ್ದ ನೆರಳು, ಎಲ್ಲಿಗೂ ಹೋಗದ ಬಾಗಿಲು. ಬಣ್ಣ ತೋರಿಸಲು ಅವು ಸಾಕು. ಬಡಗಿಗೆ ತೋರಿಸಲು ಸಾಲದು.

ಗಂಡ ಹೆಂಡತಿ ಬೇರೆ ಬೇರೆಯಾಗಿ ಚಿತ್ರ ಆರಿಸಿ ಎಂದೂ ಹೇಳುತ್ತೇನೆ. ಒಟ್ಟಿಗೆ ಕೂತರೆ ಒಬ್ಬರು ಆರಿಸುತ್ತಾರೆ, ಇನ್ನೊಬ್ಬರು ತಲೆಯಾಡಿಸುತ್ತಾರೆ. ಹಿರಿಯರಿದ್ದರೆ ಅವರದೂ ಬೇಕು. ಮುಲುಂಡಿನ ಒಂದು ಮನೆಯಲ್ಲಿ ಧಾರವಾಡದ ಅಜ್ಜಿಯೊಬ್ಬರು ಚಿತ್ರಗಳ ಸಭೆಯಲ್ಲಿ ಸುಮ್ಮನೆ ಕೂತಿದ್ದರು. “ಅಜ್ಜಿ, ನಿಮಗೇನು ಬೇಕು?” ಎಂದೆ. “ತಂಗಿ, ನನ್ನ ಹತ್ತಿರ ಚಿತ್ರ ಎಲ್ಲಿಯದು? ನಾನು ರೊಟ್ಟಿ ತಟ್ಟುವುದನ್ನು ನೋಡು, ಸಾಕು” ಎಂದರು. ನೋಡಿದೆ. 34 ಇಂಚಿನ ಕಟ್ಟೆಯ ಮುಂದೆ ಹೆಗಲು ಮೇಲೆತ್ತಿ ಜೋಳದ ಹಿಟ್ಟು ತಟ್ಟುತ್ತಿದ್ದರು. ರೊಟ್ಟಿ ತಟ್ಟಲು ಮೇಲಿನಿಂದ ಅಂಗೈಯ ಬಲ ಬೀಳಬೇಕು, ಗಿಡ್ಡ ಮೈಯವರಿಗೆ ಆ ಎತ್ತರದಲ್ಲಿ ಅದು ಸಾಧ್ಯವಿಲ್ಲ. ಮೊಮ್ಮಗಳು ಆಗಲೇ ಮೊಬೈಲಿನಲ್ಲಿ ವಿಡಿಯೊ ತೆಗೆದಳು. ಕಟ್ಟೆಯ ಒಂದು ತುದಿಯನ್ನು ಮೂರಡಿಯಷ್ಟು 29 ಇಂಚಿಗೆ ಇಳಿಸಿದೆವು. ಬಡಗಿಗೂ ಕಲ್ಲಿನವನಿಗೂ ಆ ವಿಡಿಯೊವನ್ನೇ ತೋರಿಸಿದೆ. ಯಾಕೆ ಇಳಿಸಬೇಕು ಎಂದು ಯಾರೂ ಕೇಳಲಿಲ್ಲ.

ಆದ್ದರಿಂದ ಈಗಿರುವ ನಿಮ್ಮ ಮನೆಯ ಚಿತ್ರಗಳನ್ನೂ ಕಳುಹಿಸಿ, ಜೋಡಿಸಿಡದೆ, ಇದ್ದದ್ದು ಇದ್ದಂತೆ. ಚಪ್ಪಲಿ ಎಲ್ಲಿ ರಾಶಿ ಬೀಳುತ್ತದೆ, ಮಳೆಗಾಲದಲ್ಲಿ ಒದ್ದೆ ಬಟ್ಟೆ ಎಲ್ಲಿ ಒಣಗುತ್ತದೆ, ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಎಲ್ಲಿ ನಿಂತಿದೆ. ಇವೆಲ್ಲ ಬಡಗಿ ಪ್ಲೈ ಕೊಯ್ಯುವ ಮೊದಲು ನನ್ನ ಕೈಸೇರಬೇಕು. ಆಮೇಲೆ ಬಂದ ಒಳ್ಳೆಯ ಚಿತ್ರಕ್ಕೆ ನೀವು ತೆರುವ ಬೆಲೆ ದೊಡ್ಡದು. ಊರಿನಿಂದ ತರಲಿರುವ ತೇಗದ ಮಂಚ, ತೂಗುಮಣೆ, ಹಳೆಯ ಪೆಟ್ಟಿಗೆಗಳಿದ್ದರೆ ಅಳತೆ ಟೇಪನ್ನು ಅವುಗಳ ಮೇಲೆ ಎಳೆದು ಹಿಡಿದು ಫೋಟೋ ತೆಗೆಯಿರಿ. ನಿಮ್ಮ ಕಟ್ಟಡದ ಲಿಫ್ಟಿನ ಬಾಗಿಲನ್ನೂ ಅದೇ ಟೇಪಿನಿಂದ ಅಳೆದು, ಆ ಚಿತ್ರವನ್ನೂ ಜೊತೆಗೆ ಕಳುಹಿಸಿ.