ಆಲೆ ಮರದ ಬುಗುರಿ

ದಸರಾ ರಜೆ ಶುರುವಾಗಿ ಇನ್ನೂ ನಾಲ್ಕೇ ದಿನ. ಮೊಬೈಲ್ ಕೊಡು ಅಂತ 6 ವರ್ಷದ ಮಗ, ಬೋರಾಗ್ತಿದೆ ಅಂತ 9 ವರ್ಷದ ಮಗಳು. ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. "ಅಮ್ಮಾ, ಇವನ್ನೆಲ್ಲ ಯಾರು ಮಾಡ್ತಾರೆ?" ಅಂದ ಮಗ. ಅಂಗಡಿಯಿಂದ ತಂದಿದ್ದು ಅಂದರೆ ಒಪ್ಪಲಿಲ್ಲ. ಸರಿ, ಮಾಡುವವರನ್ನೇ ನೋಡಿಬರೋಣ ಅಂತ ಮಾರನೇ ದಿನ ಚನ್ನಪಟ್ಟಣಕ್ಕೆ ಹೊರಟೆವು.

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಕಾರಿನಲ್ಲಿ ಹೋಗಬಹುದಿತ್ತು, ಆದರೆ ಮಕ್ಕಳಿಗೆ ರೈಲು ಹತ್ತುವುದೇ ಒಂದು ಹಬ್ಬ. ಕೆಂಗೇರಿಯಲ್ಲಿ ಹತ್ತಿದೆವು. ಕಿಟಕಿ ಸೀಟಿಗೆ ಜಗಳ. ಬಿಡದಿವರೆಗೆ ಅಕ್ಕನಿಗೆ, ಆಮೇಲೆ ತಮ್ಮನಿಗೆ ಅಂತ ರಾಜಿಯಾಯಿತು. ರಾಮನಗರದ ಬಂಡೆ ಬೆಟ್ಟಗಳು ಕಂಡಾಗ ಇಬ್ಬರ ಮುಖವೂ ಒಂದೇ ಕಿಟಕಿಯಲ್ಲಿ.

ಹೆದ್ದಾರಿ ಪಕ್ಕದ ಅಂಗಡಿಗಳಲ್ಲಿ ಗೊಂಬೆ ಸಿಗುತ್ತವೆ. ಮಾಡುವುದನ್ನು ನೋಡಬೇಕಾದರೆ ಊರೊಳಗೆ, ಕಲಾನಗರದ ಕಡೆ ಹೋಗಬೇಕು. ಆಟೋದವರು ಒಂದು ಮನೆ ಮುಂದೆ ಇಳಿಸಿದರು. ಬಾಗಿಲಲ್ಲೇ ಲೇತ್ ಯಂತ್ರ, ನೆಲದ ತುಂಬಾ ಮರದ ಹೊಟ್ಟು. "ನೋಡಬಹುದಾ?" ಅಂದೆ. "ಬನ್ನಿಮ್ಮಾ, ಮಕ್ಳು ಸ್ವಲ್ಪ ದೂರ ನಿಂತ್ಕೊಳ್ಲಿ" ಅಂದರು ಕೆಲಸಕ್ಕೆ ಕೂತಿದ್ದ ಹಿರಿಯರು.

ಬೆಳ್ಳಗಿನ ಮರದ ತುಂಡೊಂದನ್ನು ಯಂತ್ರಕ್ಕೆ ಸಿಕ್ಕಿಸಿದರು. ಅದು ಆಲೆ ಮರ, ಮೆದು. ಉಳಿ ತಾಗಿದ್ದೇ ತಡ, ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ ಮಗನ ತಲೆಗೂದಲಿಗೆ ಸಿಕ್ಕಿಕೊಂಡಿತು. ನೋಡುನೋಡುತ್ತಲೇ ಬುಗುರಿಯ ಹೊಟ್ಟೆ ಮೂಡಿತು, ಮೊನೆ ಮೂಡಿತು. ಬಣ್ಣಕ್ಕೆ ಕುಂಚವೇ ಇಲ್ಲ. ಕೆಂಪು ಕಡ್ಡಿಯೊಂದನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಉಜ್ಜಿದ ಬಿಸಿಗೇ ಕಡ್ಡಿ ಕರಗಿ ಮರಕ್ಕೆ ಮೆತ್ತಿಕೊಂಡಿತು. ಕೊನೆಗೆ ಕೇದಗೆ ಗರಿ ಮಡಚಿ ಒತ್ತಿದರು. ಬುಗುರಿ ಫಳಫಳ ಅಂತು.

"ತಾತಾ, ಅದು ಕ್ರೇಯಾನ್ಸಾ?"

"ಅಲ್ಲ ಪುಟ್ಟಿ, ಅರಗು. ಮರದ ಮೇಲೆ ಸಣ್ಣ ಹುಳ ಮಾಡುತ್ತೆ. ಅದಕ್ಕೆ ನಾವು ಬಣ್ಣ ಸೇರಿಸ್ತೀವಿ."

ಪಾಂಡವರ ಅರಗಿನ ಮನೆ ಇದರದ್ದೇ ಅಂದೆ. ಮಗಳಿಗೆ ಕಥೆ ಗೊತ್ತಿತ್ತು, ಅರಗು ಗೊತ್ತಿರಲಿಲ್ಲ. ಇನ್ನೂ ಬೆಚ್ಚಗಿದ್ದ ಬುಗುರಿಯನ್ನು ಅಂಗೈಲಿಟ್ಟುಕೊಂಡು "ಇದೂ ಹತ್ಕೊಂಡು ಉರಿಯತ್ತಾ?" ಅಂತ ಮೆಲ್ಲಗೆ ಕೇಳಿದಳು.

ಮಾಲ್‌ಗೆ ಕರೆದುಕೊಂಡು ಹೋದರೆ ಹತ್ತು ನಿಮಿಷಕ್ಕೆ "ಮುಂದೇನು?" ಅನ್ನುತ್ತಾರೆ ಇವರು. ಇಲ್ಲೂ ಹತ್ತಾರು ಸಲ "ಮುಂದೇನು?" ಅಂದರು, ತಾತನ ಕೈ ನೋಡುತ್ತಾ. ನನಗೆ ಅದನ್ನು ಕೇಳಿಯೇ ಹೊಟ್ಟೆ ತುಂಬಿತು. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ಬುಗುರಿ, ಒಂದು ಗಿಲಕಿ, ಎರಡು ಪುಟ್ಟ ಬಂಡಿ ತಗೊಂಡೆವು.

ಮಧ್ಯಾಹ್ನ ಬುತ್ತಿಯ ಚಿತ್ರಾನ್ನ ಮುಗಿಸಿ, ರಾಮನಗರದ ಕಡೆ ಹಿಂದಕ್ಕೆ ಬಂದು ಜಾನಪದ ಲೋಕ ನೋಡಿದೆವು. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಮಂಗಳವಾರ ರಜೆ, ಆ ದಿನ ಮಾತ್ರ ಹೋಗಬೇಡಿ. ತೊಗಲು ಗೊಂಬೆ, ಬೀಸುವ ಕಲ್ಲು, ಸೇರು, ಪಾವು, ಎಲ್ಲ ಇವೆ. ಬಿಸಿಲು ಜಾಸ್ತಿಯಿತ್ತು, ಮಗ ಸುಸ್ತಾಗಿದ್ದ. ಹಾಗಾಗಿ ಅರ್ಧ ಮಾತ್ರ ನೋಡಿದ್ದು. ಬೇಸಿಗೆ ರಜೆಯಲ್ಲಿ ಬೆಳಿಗ್ಗೆಯೇ ಬಂದು ಉಳಿದದ್ದನ್ನು ನೋಡಬೇಕು.

ಸಂಜೆ ಮೈಸೂರು ಕಡೆಯಿಂದ ಬಂದ ರೈಲಿನಲ್ಲಿ ಮದ್ದೂರು ವಡೆ ಸಿಕ್ಕಿತು. ಒಂದು ಕೈಲಿ ವಡೆ, ಇನ್ನೊಂದು ಕೈಲಿ ಬುಗುರಿ ಹಿಡಿದೇ ಮಗ ನಿದ್ದೆ ಹೋದ.

ಮನೆಗೆ ಬಂದಾಗ ರಾತ್ರಿಯಾಗಿತ್ತು. ಕೈಕಾಲು ತೊಳೆಯುವ ಮೊದಲೇ ಮಗಳು ಗೊಂಬೆ ಮೆಟ್ಟಿಲಿನ ಹತ್ತಿರ ಹೋದಳು. ಕೆಳಗಿನ ಸಾಲಿನಲ್ಲಿ ಶೆಟ್ಟಿ, ಶೆಟ್ಟಮ್ಮನ ಅಂಗಡಿಯಿದೆ. ಅಕ್ಕಿ ಬೇಳೆಯ ಬಟ್ಟಲುಗಳನ್ನು ಸ್ವಲ್ಪ ಸರಿಸಿ, ಕೆಂಪು ಬುಗುರಿಯನ್ನು ಅಲ್ಲೇ ತಿರುಗಿಸಿ ಬಿಟ್ಟಳು.