ಮುಂಬಯಿಯಿಂದ ಕೊಚ್ಚಿಗೆ: ಹಡಗಿನ ಎರಡು ಊಟದ ಮನೆಗಳು

ಪ್ರವಾಸಿ ಹಡಗಿನ ಟಿಕೆಟ್ ಕಾದಿರಿಸುವಾಗ ಕೋಣೆಗೆ ಕಿಟಕಿ ಬೇಕೋ ಬೇಡವೋ ಎಂಬ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂದಿತು: ರಾತ್ರಿಯ ಊಟಕ್ಕೆ ಮೊದಲ ಸರದಿಯೋ, ಎರಡನೆಯ ಸರದಿಯೋ? ಮೊದಲನೆಯದು ಸಂಜೆ ಆರರ ಆಸುಪಾಸಿನಲ್ಲಿ, ಎರಡನೆಯದು ಎಂಟೂಕಾಲರ ಹೊತ್ತಿಗೆ. ಈ ಸರದಿಗಳು ಹಡಗಿನ ಕೆಳ ಅಂತಸ್ತಿನಲ್ಲಿರುವ ದೊಡ್ಡ ಭೋಜನಶಾಲೆಗೆ ಸಂಬಂಧಿಸಿದವು. ಅಲ್ಲಿ ನಮ್ಮ ಮೇಜು ಗೊತ್ತುಪಡಿಸಿರುತ್ತದೆ ಮತ್ತು ಬಡಿಸುವವರು ದಿನವೂ ಅವರೇ ಆಗಿರುತ್ತಾರೆ. ಸರದಿಯ ಕಟ್ಟುಪಾಡು ಬೇಡವೆನ್ನುವವರಿಗೆ ಮೇಲಿನ ಅಂತಸ್ತಿನಲ್ಲಿ, ಈಜುಕೊಳದ ಪಕ್ಕದಲ್ಲಿ, ಬಫೆ ಇರುತ್ತದೆ. ಎರಡರ ಖರ್ಚೂ ಟಿಕೆಟ್ಟಿನಲ್ಲಿಯೇ ಸೇರಿರುವುದರಿಂದ ಇಲ್ಲಿ ಆಯ್ಕೆ ಮಾಡಬೇಕಾದುದು ಹಣದ ಲೆಕ್ಕದಿಂದಲ್ಲ. ಬೇರೆ ದುಡ್ಡು ತೆತ್ತು ಉಣ್ಣುವ ವಿಶೇಷ ಹೋಟೆಲುಗಳೂ ಹಡಗಿನಲ್ಲಿದ್ದವು. ನಾವು ಅವುಗಳ ಗೋಜಿಗೆ ಹೋಗಲಿಲ್ಲ.

ಹೊರಟವರು ಎರಡು ಮನೆಯವರು. ಶಿರಸಿಯಿಂದ ನಾನು, ನನ್ನ ಹೆಂಡತಿ ಮತ್ತು ಎಂಬತ್ತರ ಸಮೀಪದ ಆಯಿ, ಅಂದರೆ ನನ್ನ ತಾಯಿ. ಕಾರವಾರದಿಂದ ನನ್ನ ಹಳೆಯ ಸಹೋದ್ಯೋಗಿ, ಅವನ ಹೆಂಡತಿ ಮತ್ತು ಕಾಲೇಜು ಓದುವ ಇಬ್ಬರು ಮಕ್ಕಳು. ಆಯಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವಳು; ಗೆಳೆಯನಿಗೆ ಮೀನಿಲ್ಲದ ಊಟ ಊಟವೇ ಅಲ್ಲ. ಈ ಏಳು ಮಂದಿ ಒಂದೇ ಮೇಜಿನಲ್ಲಿ ಕೂತು ಉಣ್ಣುವುದು ಹೇಗೆಂಬುದೇ ಪ್ರವಾಸದ ಉದ್ದಕ್ಕೂ ನಮ್ಮ ಮುಂದಿದ್ದ ವಿಷಯವಾದ್ದರಿಂದ, ಈ ಬರಹದಲ್ಲಿ ಅದನ್ನೇ ಹೇಳುತ್ತೇನೆ. ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ನಾವು ಮತ್ಸ್ಯಗಂಧ ರೈಲು ಹತ್ತಿದೆವು, ಕಾರವಾರದಲ್ಲಿ ಅವರು ಕೂಡಿಕೊಂಡರು. ಮರುದಿನ ಮಧ್ಯಾಹ್ನಕ್ಕೆ ನಾವೆಲ್ಲರೂ ಮುಂಬಯಿ ಬಂದರಿನಲ್ಲಿ ಹಡಗಿನೊಳಗಿದ್ದೆವು.

ಹಡಗು ಹತ್ತಿದ ದಿನದ ಬಫೆಯನ್ನು ನೋಡಿ ಬಫೆಯ ಬಗ್ಗೆ ತೀರ್ಮಾನಕ್ಕೆ ಬರಬಾರದು. ಕೋಣೆಗಳು ಇನ್ನೂ ಸಿದ್ಧವಾಗಿರುವುದಿಲ್ಲ, ಪೆಟ್ಟಿಗೆಗಳು ಸಂಜೆಯ ತನಕ ಕೈಸೇರುವುದಿಲ್ಲ, ಬೆಳಗಿನಿಂದ ಕಾಗದಪತ್ರಗಳ ತಪಾಸಣೆಯಲ್ಲಿ ನಿಂತು ಹಸಿದ ಸಾವಿರಾರು ಜನ ಒಂದೇ ಸಮಯಕ್ಕೆ ಮೇಲಿನ ಅಂತಸ್ತಿಗೆ ಧಾವಿಸುತ್ತಾರೆ. ನಾವು ಹೋದಾಗ ಖಾಲಿ ಮೇಜೇ ಇರಲಿಲ್ಲ. ಒಂದು ಮೂಲೆಯಲ್ಲಿ ಮೂರು, ಇನ್ನೊಂದು ಕಂಬದ ಹಿಂದೆ ನಾಲ್ಕು ಕುರ್ಚಿಗಳು ಸಿಕ್ಕವು. ಅನ್ನ, ದಾಲ್, ಪನೀರು, ಪಾಸ್ತಾ, ಸಲಾಡು, ಹಣ್ಣು, ಸಿಹಿ ಎಲ್ಲವೂ ಇದ್ದವು, ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲು. ಆಯಿ ಸಾಲಿನ ತುದಿಯಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, “ತಮಾ, ತಟ್ಟೆ ಹಿಡ್ಕಂಡು ಸಾಲಲ್ಲಿ ನಿಲ್ಲದು ನನ್ನ ಕೈಲಿ ಆಗ್ತಿಲ್ಲೆ” ಎಂದಳು. ಮೊಣಕಾಲು ನೋವಿನ ಹಿರಿಯರಿಗೆ, ಅದರಲ್ಲಿಯೂ ತೇಲುವ ನೆಲದ ಮೇಲೆ, ತುಂಬಿದ ತಟ್ಟೆ ಹಿಡಿದು ನಡೆಯುವುದು ನಿಜಕ್ಕೂ ಕಷ್ಟ. ಹಿರಿಯರನ್ನು ಕರೆದೊಯ್ಯುವವರು ಈ ಒಂದು ಸಂಗತಿಯನ್ನು ಮೊದಲೇ ಆಲೋಚಿಸಬೇಕು.

ಹೆಂಡತಿ ಆಯಿಗೆ ಬಡಿಸಿ ತರಲು ಹೋದಾಗ ನಾನು ಗೆಳೆಯನೊಡನೆ ಕೆಳಗಿನ ಭೋಜನಶಾಲೆಗೆ ಹೋಗಿ ಮುಖ್ಯ ಬಡಿಸುವವರನ್ನು ಕಂಡೆ. ರಾತ್ರಿಯ ತನಕ ಕಾಯದೆ ಆ ಮಧ್ಯಾಹ್ನವೇ ಹೋದದ್ದರಿಂದ ಎರಡು ಕೆಲಸಗಳಾದವು. ಬಾಗಿಲ ಬಳಿಯ ಗದ್ದಲದಿಂದ ದೂರದ, ಎಡಬದಿಯ ಕಿಟಕಿಯ ಪಕ್ಕದ ದುಂಡು ಮೇಜು ನಮಗೆ ಸಿಕ್ಕಿತು. ಆಯಿಯ ಊಟದ ವಿಷಯ ಅಡುಗೆಮನೆಯ ಪಟ್ಟಿಯಲ್ಲಿ ದಾಖಲಾಯಿತು. ಈರುಳ್ಳಿ ಬೆಳ್ಳುಳ್ಳಿ ಬೇಡವೆಂದು ಊಟಕ್ಕೆ ಕೂತ ಮೇಲೆ ಹೇಳಿದರೆ ಅವರಿಂದ ಹೆಚ್ಚೇನೂ ಮಾಡಲಾಗುವುದಿಲ್ಲ, ಏಕೆಂದರೆ ಸಾರುಗಳ ಮಸಾಲೆಯನ್ನು ಗಂಟೆಗಳ ಮುಂಚೆಯೇ ದೊಡ್ಡ ಪಾತ್ರೆಗಳಲ್ಲಿ ಸಿದ್ಧಪಡಿಸಿರುತ್ತಾರೆ. ಹಿಂದಿನ ದಿನವೇ ಹೇಳಿದರೆ ಬೇರೆಯಾಗಿ ಬೇಯಿಸುತ್ತಾರೆ. ಬಫೆಯಲ್ಲಿ ಜೈನ ಅಡುಗೆಯೆಂದು ಬರೆದಿಟ್ಟ ಪಾತ್ರೆಗಳಿದ್ದವು ನಿಜ, ಆದರೆ ಒಂದು ಪಾತ್ರೆಯ ಸೌಟು ಪಕ್ಕದ ಪಾತ್ರೆಗೆ ಹೋಗುವುದನ್ನು ಆಯಿ ತನ್ನ ಕಣ್ಣಾರೆ ಕಂಡಳು. ಅಂದಿನಿಂದ ರಾತ್ರಿಯ ಊಟ ಕೆಳಗೇ ಎಂದು ಅವಳ ಮಟ್ಟಿಗೆ ನಿಶ್ಚಯವಾಯಿತು.

ಆ ರಾತ್ರಿಯ ಭೋಜನಶಾಲೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಜಿಲ್ಲೆಯ ಅನೇಕರು ಅಲ್ಲಿಗೆ ಹೋಗಲು ಹಿಂಜರಿಯುವುದು ಉಡುಪಿನ ಕಾರಣಕ್ಕೆ. ಸೂಟು ಬೂಟು ಇಲ್ಲದೆ ಒಳಗೆ ಬಿಡುವುದಿಲ್ಲವೆಂಬ ಭಯ ಬೇಡ. ಚಡ್ಡಿ, ಈಜುಡುಗೆ, ತೋಳಿಲ್ಲದ ಬನಿಯನ್ನು, ರಬ್ಬರ್ ಚಪ್ಪಲಿ ಇವಿಷ್ಟನ್ನು ಬಿಟ್ಟರೆ ಸಾಧಾರಣ ಪ್ಯಾಂಟು ಶರ್ಟು ಸಾಕು. ಕೆಲವು ಹಡಗುಗಳಲ್ಲಿ ಯಾವುದಾದರೊಂದು ರಾತ್ರಿ ವಿಶೇಷ ಉಡುಪು ಧರಿಸಿ ಬರಲು ಕೇಳುತ್ತಾರೆ, ಆಗಲೂ ಸೀರೆಗೆ, ಜುಬ್ಬಕ್ಕೆ ಪೂರ್ಣ ಗೌರವವಿದೆ. ಆಯಿ ಮದುವೆ ಮನೆಗೆ ಉಡುವ ಸೀರೆಯನ್ನೇ ಉಟ್ಟಳು. ಇನ್ನೊಂದು ಹಿಂಜರಿಕೆ ಮೇಜಿನ ಮೇಲೆ ಸಾಲಾಗಿಟ್ಟ ಚಮಚ ಚಾಕುಗಳದ್ದು. ಹೊರಗಿನದರಿಂದ ಆರಂಭಿಸಿ ಒಳಗಿನದಕ್ಕೆ ಬಂದರೆ ಆಯಿತು; ಬೇಡವೆನಿಸಿದರೆ ಕೈಯಲ್ಲಿ ಉಂಡರೂ ಯಾರೂ ತಿರುಗಿ ನೋಡುವುದಿಲ್ಲ.

ಊಟ ಹಂತ ಹಂತವಾಗಿ ಬಂದಿತು. ಮೊದಲು ಸಣ್ಣ ತಿನಿಸು, ಆಮೇಲೆ ಸೂಪು ಅಥವಾ ಸಲಾಡು, ಬಳಿಕ ಮುಖ್ಯ ಊಟ, ಕೊನೆಗೆ ಸಿಹಿ. ಪಟ್ಟಿ ಪ್ರತಿ ರಾತ್ರಿ ಬದಲಾಗುತ್ತದೆ. ಅದರಲ್ಲಿ ಒಬ್ಬರು ಒಂದನ್ನೇ ಆರಿಸಬೇಕೆಂಬ ನಿಯಮವಿಲ್ಲ. ಎರಡು ತಿನಿಸು ಕೇಳಬಹುದು, ತರಿಸಿದ್ದು ರುಚಿಸದಿದ್ದರೆ ಬೇರೆ ತರಿಸಿಕೊಳ್ಳಬಹುದು. ನಮ್ಮ ಮೇಜಿಗೆ ಬಡಿಸುವವನು ಗೋವಾದ ಹುಡುಗ. ಗೆಳೆಯ ಮತ್ತು ಅವನ ಹೆಂಡತಿ ಕೊಂಕಣಿಯಲ್ಲಿ ಮಾತಿಗೆ ತೊಡಗಿದ ಕೂಡಲೇ ಅವನ ಮುಖ ಅರಳಿತು. ಆಯಿ ಕನ್ನಡದಲ್ಲಿ ಹೇಳಿದ್ದನ್ನು ಗೆಳೆಯನ ಹೆಂಡತಿ ಕೊಂಕಣಿಗೆ ತಿರುಗಿಸಿದರು. ಅನ್ನವನ್ನು ಇನ್ನೂ ಮೆತ್ತಗೆ ಬೇಯಿಸಬೇಕು, ಕೊನೆಗೆ ಮಜ್ಜಿಗೆ ಬೇಕು, ನೀರು ತಣ್ಣಗಿರಬಾರದು ಎಂಬ ಮೂರು ಮಾತುಗಳು ಮಾರನೆಯ ಊಟಕ್ಕೆ ಯಾರೂ ಮತ್ತೆ ಹೇಳದೆಯೇ ನಡೆದವು. ದಿನವೂ ಅದೇ ಮೇಜು, ಅದೇ ಬಡಿಸುವವನು ಎಂಬ ವ್ಯವಸ್ಥೆಯ ಬೆಲೆ ನನಗೆ ತಿಳಿದದ್ದು ಆಗ.

ಶಿರಸಿ ಸೀಮೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತವರು ಎಲ್ಲರ ಊಟ ಮುಗಿಯುವ ತನಕ ಏಳುವುದಿಲ್ಲ. ಅಲ್ಲಿ ಆಯ್ಕೆಯಿಲ್ಲ, ಬಡಿಸಿದ್ದನ್ನೇ ಎಲ್ಲರೂ ಉಣ್ಣುತ್ತಾರೆ. ಹಡಗಿನ ಮೇಜಿನಲ್ಲಿ ಒಬ್ಬೊಬ್ಬರ ತಟ್ಟೆಯಲ್ಲಿ ಒಂದೊಂದು. ಆದರೂ ಸಿಹಿ ಬರುವ ತನಕ ಎಲ್ಲರೂ ಕೂತಿರುತ್ತಾರೆಂಬ ಮುಖ್ಯ ಸಂಗತಿ ಎರಡಕ್ಕೂ ಒಂದೇ. ಹಡಗು ಜನರನ್ನು ಚದುರಿಸುವ ಜಾಗ. ಹಗಲೆಲ್ಲ ಮಕ್ಕಳು ಈಜುಕೊಳದಲ್ಲಿ, ಹೆಂಗಸರು ಅಂಗಡಿಗಳಲ್ಲಿ, ಆಯಿ ನೆರಳಿನ ಕುರ್ಚಿಯಲ್ಲಿ, ನಾವಿಬ್ಬರು ಕಟಕಟೆಯ ಬಳಿ. ಬಫೆಯಲ್ಲಿ ಒಬ್ಬರು ತಟ್ಟೆ ತರುವಷ್ಟರಲ್ಲಿ ಇನ್ನೊಬ್ಬರದು ಮುಗಿದಿರುತ್ತದೆ. ಮೇಜಿನ ಸುತ್ತ ಏಳೂ ಜನ ಒಟ್ಟಿಗೆ ಇರುವ ಗಳಿಗೆ ಸಿಗುವುದೇ ಇಲ್ಲ. ಒಂದೂವರೆ ಎರಡು ಗಂಟೆ ಹಿಡಿಯುವ ಕೆಳಗಿನ ಊಟವನ್ನು ಮಕ್ಕಳು ಮೊದಲ ದಿನ ದೀರ್ಘವೆಂದು ಗೊಣಗಿದರು, ಆದರೆ ಅಪ್ಪನ ಬ್ಯಾಂಕಿನ ಮೊದಲ ದಿನಗಳ ಕಥೆಯನ್ನು ಅವರು ಮೊಟ್ಟಮೊದಲು ಕೇಳಿದ್ದು ಆ ಮೇಜಿನಲ್ಲಿಯೇ.

ಮೀನಿನ ವಿಷಯದಲ್ಲಿ ಗೆಳೆಯನ ಮಾತನ್ನೇ ನಾನು ಪ್ರಮಾಣವಾಗಿ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಕಾರವಾರದ ಮೀನು ಪೇಟೆಗೆ ಹೋಗಿ ಬಂಗಡೆಯ ಕಿವಿರು ಎತ್ತಿ ನೋಡಿ ಕೊಳ್ಳುವವನು ಅವನು. ಹಡಗಿನ ಮೀನು ಬಹುಪಾಲು ಶೀತಲಪೆಟ್ಟಿಗೆಯದು. ಅದನ್ನು ಅವನು ಒಪ್ಪಿಕೊಂಡೇ ಬಂದಿದ್ದ. ಆದರೆ ಅದೇ ಮೀನು ಬಫೆಯ ಕಾದ ತಟ್ಟೆಯಲ್ಲಿ ಒಣಗಿ ನಾರಾಗುತ್ತದೆ, ಕೆಳಗೆ ಬಿಸಿಯಾಗಿ ಬಂದರೆ ಪದರು ಪದರಾಗಿ ಬಿಡುತ್ತದೆ ಎಂಬುದು ಅವನ ತೀರ್ಪು. ಇದಕ್ಕೆ ಕಾರಣವಿದೆ. ಅಮೆರಿಕದ ಬಂದರುಗಳನ್ನು ಮುಟ್ಟುವ ಹಡಗುಗಳಿಗೆ ಅಲ್ಲಿಯ ಆರೋಗ್ಯ ಇಲಾಖೆ ಹಾಕಿರುವ ನಿಯಮದಂತೆ ಬಿಸಿ ಆಹಾರವನ್ನು 57 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾಗದಂತೆ, ತಣ್ಣಗಿನದನ್ನು 5 ಡಿಗ್ರಿಗಿಂತ ಹೆಚ್ಚಾಗದಂತೆ ಇಡಬೇಕು. ರೋಗ ಬಾರದಿರಲು ಇದು ಅಗತ್ಯ, ಆದರೆ ಆ ಶಾಖದಲ್ಲಿ ಕೂತ ಮೀನು ಬೇಯುತ್ತಲೇ ಹೋಗುತ್ತದೆ. ಸಾರು, ದಾಲ್, ಪಲ್ಯಗಳಿಗೆ ಅದರಿಂದ ಅಷ್ಟು ಹಾನಿಯಿಲ್ಲ. ಆದ್ದರಿಂದ ಬಫೆಯಲ್ಲಿ ಉಣ್ಣುವವರು ನೀರಾದ ಅಡುಗೆಯನ್ನೂ, ಎದುರಿಗೇ ಹುಯ್ದುಕೊಡುವ ದೋಸೆ ಆಮ್ಲೆಟ್ಟುಗಳನ್ನೂ ಆರಿಸಿಕೊಳ್ಳುವುದು ಒಳ್ಳೆಯದು.

ಕೈ ತೊಳೆಯುವ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹಡಗುಗಳಲ್ಲಿ ಹಬ್ಬುವ ನೋರೊವೈರಸ್ಸಿನ ವಾಂತಿಭೇದಿಗೆ ಬಾಗಿಲಲ್ಲಿ ಕೊಡುವ ಸ್ಯಾನಿಟೈಸರ್ ಸಾಲದು, ಸಾಬೂನು ಮತ್ತು ನೀರೇ ಬೇಕು. ನೂರಾರು ಜನ ಮುಟ್ಟಿದ ಸೌಟನ್ನು ಹಿಡಿದ ಮೇಲೆ ಉಣ್ಣುವ ಮೊದಲು ಮತ್ತೊಮ್ಮೆ ತೊಳೆಯಬೇಕು. ಕೈಯಲ್ಲಿ ಕಲಸಿ ಉಣ್ಣುವ ನಮಗೆ ಇದು ಇನ್ನೂ ಮುಖ್ಯ.

ಇಷ್ಟೆಲ್ಲ ಹೇಳಿದ ಮೇಲೂ ಎರಡನೆಯ ರಾತ್ರಿ ನಾವೇ ಭೋಜನಶಾಲೆಯನ್ನು ಬಿಟ್ಟು ಬಫೆಗೆ ಹೋದೆವು, ಆಯಿಯೂ ಸೇರಿ. ಹಡಗು ಸಂಜೆ ಮುರ್ಮಗೋವಾ ಬಂದರನ್ನು ಬಿಟ್ಟು ದಕ್ಷಿಣಕ್ಕೆ ತಿರುಗಿತ್ತು. ಅಲ್ಲಿಂದ ಕಾರವಾರದ ನೇರಕ್ಕೆ ಬರಲು ಸುಮಾರು 36 ನಾಟಿಕಲ್ ಮೈಲಿ, ಅಂದರೆ 65 ಕಿಲೋಮೀಟರಿಗಿಂತ ತುಸು ಹೆಚ್ಚು. ಹಡಗು ನಿಧಾನವಾಗಿ ಸಾಗುತ್ತಿದ್ದುದರಿಂದ ಎಂಟೂವರೆ ಒಂಬತ್ತರ ಹೊತ್ತಿಗೆ, ಸರಿಯಾಗಿ ಎರಡನೆಯ ಸರದಿಯ ನಡುವೆ, ನಮ್ಮ ಕರಾವಳಿ ಎಡಬದಿಗೆ ಬರುವುದಿತ್ತು. ಕೆಳಗಿನ ಕಿಟಕಿ ನೀರಿಗೆ ಹತ್ತಿರ, ಒಳಗೆ ದೀಪಗಳ ಬೆಳಕು. ಗಾಜಿನಲ್ಲಿ ನಮ್ಮದೇ ಪ್ರತಿಬಿಂಬ ಕಾಣುತ್ತದೆ. ಬಫೆಗೆ ಹೊಂದಿಕೊಂಡ ತೆರೆದ ಜಗಲಿಯಲ್ಲಿ ಮೇಜುಗಳಿದ್ದವು. ಮಕ್ಕಳು ಮೊದಲೇ ಹೋಗಿ ಎರಡು ಮೇಜುಗಳನ್ನು ಕೂಡಿಸಿ ಜಾಗ ಹಿಡಿದರು, ಆಯಿಯನ್ನು ಕೂರಿಸಿ ಅವಳ ತಟ್ಟೆಯನ್ನು ತಾವೇ ತಂದುಕೊಟ್ಟರು. ಆ ಹೊತ್ತಿಗೆ ಬಹಳ ಜನ ಕೆಳಗಿದ್ದುದರಿಂದ ಸಾಲುಗಳೇ ಇರಲಿಲ್ಲ.

ಸಮುದ್ರದ ತುಂಬ ಮೀನುಗಾರರ ದೋಣಿಗಳ ದೀಪಗಳು. ಅವುಗಳಾಚೆ ದಡದ ಮಸುಕಾದ ಬೆಳಕಿನ ಪಟ್ಟಿ. ಗೆಳೆಯ ಅದರ ಮೇಲೆ ಕಣ್ಣಿಟ್ಟು, ಇದು ಮಾಜಾಳಿಯ ಕಡೆ, ಇಲ್ಲಿ ಕಾಳಿ ನದಿ ಸೇರುವ ಜಾಗ, ಅದರ ದಕ್ಷಿಣಕ್ಕೆ ಊರು, ಇನ್ನೂ ಕೆಳಗೆ ಅರ್ಗಾದ ನೌಕಾನೆಲೆ ಎಂದು ಮಕ್ಕಳಿಗೆ ಗುರುತು ಹೇಳುತ್ತಿದ್ದ. ಊರಿನ ಎದುರಿನ ದೇವಗಡ ದ್ವೀಪದ ದೀಪಸ್ತಂಭ ಮಿನುಗಿದಾಗ ಅವನು ತಟ್ಟೆಯನ್ನು ಬಿಟ್ಟು ಎದ್ದು ನಿಂತ. ಹುಟ್ಟಿದಂದಿನಿಂದ ದಡದಿಂದ ನೋಡಿದ ದೀಪವನ್ನು ಸಮುದ್ರದ ಕಡೆಯಿಂದ ಅವನು ನೋಡಿದ್ದು ಅದೇ ಮೊದಲು. ಹಿಂದೆ ಮುಂಬಯಿಗೂ ಕಾರವಾರಕ್ಕೂ ಉಗಿಹಡಗು ಓಡಾಡುತ್ತಿದ್ದ ಕಾಲದಲ್ಲಿ ಅವನ ಅಜ್ಜ ಗಂಟಿನಲ್ಲಿ ಅವಲಕ್ಕಿ ಬೆಲ್ಲ ಕಟ್ಟಿಕೊಂಡು ಪ್ರಯಾಣ ಮಾಡುತ್ತಿದ್ದರಂತೆ. ಆ ರಾತ್ರಿ ಬಫೆಯ ಅಡುಗೆ ಸಾಧಾರಣವಾಗಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಎದ್ದು ಕಟಕಟೆಗೆ ಹೋಗಿ ಬಂದು ಮತ್ತೆ ಉಣ್ಣುವ ಸ್ವಾತಂತ್ರ್ಯವನ್ನು ಬಡಿಸುವ ಮೇಜು ಕೊಡಲಾರದು, ಆ ಹೊತ್ತಿಗೆ ನಮಗೆ ಬೇಕಾಗಿದ್ದುದು ಅದೇ.

ಹಡಗಿನವರಿಗೂ ಈ ಪ್ರಶ್ನೆ ಹೊಸದಲ್ಲ. ಗೊತ್ತಾದ ಸರದಿ, ಗೊತ್ತಾದ ಮೇಜು ಎಂಬ ಹಳೆಯ ಪದ್ಧತಿಯನ್ನು ನಾರ್ವೇಜಿಯನ್ ಕ್ರೂಸ್ ಲೈನ್ 2000ದಲ್ಲಿ ಸಡಿಲಿಸಿ, ಬೇಕಾದಾಗ ಬೇಕಾದಲ್ಲಿ ಉಣ್ಣುವ ಕ್ರಮವನ್ನು ತಂದ ಮೇಲೆ ಬೇರೆ ಕಂಪನಿಗಳೂ ಅಂಥದೇ ಏರ್ಪಾಟುಗಳನ್ನು ಮಾಡಿಕೊಂಡವು. ಇಂದು ಅನೇಕ ಹಡಗುಗಳಲ್ಲಿ ಸರದಿಯಿಲ್ಲದೆಯೂ ಭೋಜನಶಾಲೆಗೆ ಹೋಗಬಹುದು, ಆದರೆ ಮೇಜೂ ಬಡಿಸುವವರೂ ದಿನ ದಿನಕ್ಕೆ ಬದಲಾಗುತ್ತಾರೆ. ಆಯಿಯಂಥವರು ಜೊತೆಗಿದ್ದರೆ ಗೊತ್ತಾದ ಸರದಿಯೇ ಮೇಲೆಂಬುದು ನನ್ನ ದೃಢ ಅಭಿಪ್ರಾಯ.

ಮಾರನೆಯ ದಿನ ಪೂರ್ತಿ ಸಮುದ್ರದಲ್ಲಿಯೇ ಇದ್ದೆವು. ಗಾಳಿ ಬೀಸಿ ಹಡಗು ಸ್ವಲ್ಪ ಹೊಯ್ದಾಡಿತು. ಎತ್ತರದ ಅಂತಸ್ತಿನಲ್ಲಿ ಈ ಹೊಯ್ದಾಟ ಹೆಚ್ಚು, ಕೆಳಗೆ ಕಡಿಮೆ. ಬಫೆಯಲ್ಲಿ ತಲೆ ಸುತ್ತುತ್ತದೆ ಎಂದ ಗೆಳೆಯನ ಹೆಂಡತಿ ಮಧ್ಯಾಹ್ನದ ಊಟಕ್ಕೂ ಭೋಜನಶಾಲೆಗೇ ಬಂದರು ಮತ್ತು ಶುಂಠಿ ಹಾಕಿದ ಚಹಾ ಕುಡಿದು ಚೇತರಿಸಿಕೊಂಡರು. ಬೆಳಗಿನ ಉಪಾಹಾರವನ್ನು ಮಾತ್ರ ನಾವು ಮೇಲೆಯೇ ಮಾಡಿದೆವು. ಒಬ್ಬೊಬ್ಬರು ಏಳುವ ಹೊತ್ತು ಒಂದೊಂದು, ಬೇಕಾದುದು ಒಂದು ಲೋಟ ಕಾಫಿ ಮತ್ತು ಎರಡು ಇಡ್ಲಿ. ಅದಕ್ಕಾಗಿ ಮೇಜು ಬಟ್ಟೆ ಹಾಸಿಸಿ ಕಾಯುವ ಅಗತ್ಯವಿಲ್ಲ. ಬಂದರಿನಲ್ಲಿ ಇಳಿದು ಊರು ನೋಡಲು ಹೋಗುವ ದಿನಗಳಲ್ಲಿಯೂ ಬಫೆಯೇ ಅನುಕೂಲ.

ಕೊಚ್ಚಿಯಲ್ಲಿ ಇಳಿಯುವ ಬೆಳಿಗ್ಗೆ ಕೋಣೆಗಳನ್ನು ಬೇಗ ತೆರವು ಮಾಡಬೇಕಾಗಿದ್ದು, ಬಫೆಯಲ್ಲಿ ಚೀಲಗಳನ್ನು ಕಾಲಡಿಯಲ್ಲಿಟ್ಟುಕೊಂಡ ಜನ ಕಿಕ್ಕಿರಿದಿದ್ದರು. ಭೋಜನಶಾಲೆ ಆ ಹೊತ್ತಿಗೂ ತೆರೆದಿರುತ್ತದೆಂಬುದು ಹೆಚ್ಚಿನವರಿಗೆ ತಿಳಿದಿರಲಿಲ್ಲ. ನಾವು ಅಲ್ಲಿ ನೆಮ್ಮದಿಯಿಂದ ತಿಂಡಿ ತಿಂದೆವು. ಗೋವಾದ ಹುಡುಗ ಆಯಿಗೆ ಕೇಳದೆಯೇ ಬಿಸಿನೀರು ತಂದಿಟ್ಟ. ಅವನಿಗೆ ಕೊಡಬೇಕಾದುದನ್ನು ಗೆಳೆಯ ಲಕೋಟೆಯಲ್ಲಿ ಹಾಕಿ ಕೈಯಲ್ಲಿಯೇ ಕೊಟ್ಟ, ಆಯಿ ಅವನ ಅಮ್ಮನ ಆರೋಗ್ಯ ವಿಚಾರಿಸಿದಳು. ನೇತ್ರಾವತಿ ರೈಲಿಗಾಗಿ ಎರ್ನಾಕುಲಂ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಮುಂದಿನ ಹಂಗಾಮಿನಲ್ಲಿ ಲಕ್ಷದ್ವೀಪಕ್ಕೆ ಹೋಗೋಣವೇ ಎಂದು ಮಕ್ಕಳು ಕೇಳಿದರು. ಆಯಿ ಬರಲು ಒಪ್ಪಿದಳು, ಆದರೆ ರಾತ್ರಿಯ ಊಟಕ್ಕೆ ಮೊದಲ ಸರದಿಯನ್ನೇ ಬರೆಸಬೇಕೆಂದಳು. ಎಂಟೂಕಾಲರ ಊಟ ಅವಳಿಗೆ ತಡವಾಗಿತ್ತು.